ಎರಡು ಬೆಲ್ ಬಾರದೆ ಗಾಡಿ ಹೊರಡದು

ಹೊಲಿಗೆ ಕಾರ್ಖಾನೆಯ ಹಿಂಬಾಗಿಲಿಗೆ ಯಾವಾಗಲೂ ಬೀಗ. ಬಟ್ಟೆ ಕಳವಾಗಬಾರದು ಎಂದು ಹಾಕಿದ ಬೀಗ ಅದು. ಕಳೆದ ತಿಂಗಳು ಒಂದು ಮೋಟಾರು ಸುಟ್ಟು ಮಹಡಿಯ ತುಂಬ ಹೊಗೆ ಹಬ್ಬಿತು. ನೂರನಲವತ್ತು ಹೆಂಗಸರು ಮುಂದಿನ ಇಕ್ಕಟ್ಟಾದ ಮೆಟ್ಟಿಲಿಗೇ ನುಗ್ಗಬೇಕಾಯಿತು. ಜೀವ ಹೋಗಲಿಲ್ಲ, ಪುಣ್ಯ. ನಮ್ಮ ಬೀದಿಯ ಬಸ್ ಡ್ರೈವರನ ತಂಗಿ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಬೀಗ ತೆಗೆಯಿರಿ ಎಂದು ಹೊಲಿಗೆಯವರ ಸಂಘ ಮೂರು ಸಲ ಬರೆದುಕೊಟ್ಟಿತು. ಮಾಲೀಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಮಷಿನುಗಳು ನಿಂತವು. ಹೆಂಗಸರು ಗೇಟಿನ ಮುಂದೆ ಕೂತರು.

ಒಂಬತ್ತನೆಯ ದಿನ ಸುದ್ದಿ ಬಂತು. ನಾಳೆ ಬೆಳಗ್ಗೆ ಡಿಪೋದ ನಾಲ್ಕು ಬಸ್ಸುಗಳಲ್ಲಿ ಹೊರಗಿನ ಕೆಲಸಗಾರರನ್ನು ಒಳಗೆ ಬಿಡುತ್ತಾರಂತೆ. ಅವರು ಒಳಗೆ ಹೋದರೆ ಮುಷ್ಕರ ಮುಗಿದ ಹಾಗೆ. ಬೀಗ ಇದ್ದಲ್ಲೇ ಇರುತ್ತದೆ. ಮೊದಲ ಬಸ್ಸಿನ ಡ್ಯೂಟಿ ಬಿದ್ದದ್ದು ಇದೇ ಡ್ರೈವರನಿಗೆ. ಬ್ರೇಕಣ್ಣ ಎಂದೇ ಅವನನ್ನು ಎಲ್ಲರೂ ಕರೆಯುವುದು. ಬಸ್ಸಿನಲ್ಲಿ ಯಾರಾದರೂ ಮುದುಕಿ ನಿಂತಿದ್ದರೆ ಸಾಕು, ಹೂವಿನ ಹಾಗೆ ಬ್ರೇಕು ಒತ್ತುತ್ತಾನೆ.

ಅಂದು ಸಂಜೆ ಅವನ ಕಂಡಕ್ಟರ್ ಮನೆಗೆ ಬಂದಳು. ಹತ್ತಿದವರನ್ನೆಲ್ಲ "ಚಿಲ್ಲರೆ ಕೊಡಿ" ಎಂದು ಗದರಿಸಿ ಚಿಲ್ಲರೆ ಅಕ್ಕ ಎಂದು ಹೆಸರಾದವಳು. ಬಸ್ ಕೆಲಸಗಾರರ ಸಂಘಕ್ಕೆ ಕಾರ್ಯದರ್ಶಿಯೂ ಹೌದು.

"ಬ್ರೇಕಣ್ಣ, ಎಲ್ಲರದೂ ಸಹಿ ಆಯ್ತು. ಸಭೆಯಿಂದ ಎದ್ದು ಬಂದವನು ನೀನೊಬ್ಬನೇ."

"ಏನಂತ ಸಹಿ ಅಕ್ಕಾ?"

"ಹೊಲಿಗೆಯವರು ಕೂತ ಸಾಲು ದಾಟಿ ನಾವು ಗಾಡಿ ಓಡಿಸಲ್ಲ ಅಂತ. ಒಬ್ಬರಿಗೆ ನೋಟಿಸ್ ಬಂದ್ರೆ ಎಲ್ಲರೂ ಉತ್ತರ ಕೊಡ್ತೀವಿ ಅಂತ."

"ಅವರ ಬೀಗಕ್ಕೂ ನಮ್ಮ ಸ್ಟೇರಿಂಗಿಗೂ ಏನು ಸಂಬಂಧ? ಎರಡು ಸಂಘ ಒಂದೇ ನೊಗಕ್ಕೆ ಕಟ್ಟಿದ್ರೆ ಎತ್ತು ಏರಿಗೆ, ಕೋಣ ನೀರಿಗೆ."

"ಇದರಲ್ಲಿ ಕೋಣ ಯಾರು ಅಂತ ನಾನು ಕೇಳಲ್ಲ ಬಿಡು."

ಪಟ್ಟಿ ಕಟ್ಟಿದ ಕೈ ಹಿಡಿದುಕೊಂಡೇ ತಂಗಿ ನಕ್ಕಳು. ಅಣ್ಣನಿಗೆ ರೇಗಿತು.

"ಹಿಂದೆ ನಮ್ಮ ಬಸ್ಸಿನವರ ಮುಷ್ಕರದಲ್ಲಿ ಯಾರು ಬಂದಿದ್ರು? ಹನ್ನೊಂದು ದಿನ ನಾವೇ ಕೂತ್ವಿ, ನಾವೇ ಗೆದ್ವಿ. ದಿನಗೂಲಿ ಡ್ರೈವರುಗಳನ್ನ ಹಿಡಿದು ತಂದು ಬಸ್ ಬಿಟ್ರು. ಖಾಲಿ ಓಡಿದವು, ಖಾಲಿ!"

"ಖಾಲಿ ಯಾಕೆ ಓಡಿದವು?"

"ಜನ ಹತ್ತಲಿಲ್ಲ."

"ಯಾವ ಜನ?"

ಬ್ರೇಕಣ್ಣ ತಂಗಿಯ ಕಡೆ ತಿರುಗಿದ.

"ಬೆಳಗ್ಗೆ ನಮ್ಮ ಬಸ್ ತುಂಬಿಸೋರು ಯಾರಪ್ಪ? ಈ ಹೊಲಿಗೆಯವರೇ ತಾನೇ? ಆ ಹನ್ನೊಂದು ದಿನ ಹೋಗ್ತಾ ಆರು ಕಿಲೋಮೀಟರು, ಬರ್ತಾ ಆರು ಕಿಲೋಮೀಟರು ನಡೆದ್ರು. ಪಕ್ಕದಲ್ಲೇ ಬಸ್ ನಿಲ್ಲಿಸಿ ಹಾರ್ನ್ ಹೊಡೆದ್ರೂ ಒಬ್ಬಳೂ ತಿರುಗಿ ನೋಡಲಿಲ್ಲ."

ಆಗ ತಂಗಿಯ ಕಾಲಿನ ಬೊಕ್ಕೆಗಳಿಗೆ ದಿನಾ ಸಂಜೆ ನೀರು ಕಾಯಿಸಿ ಕೊಟ್ಟವನು ಅವನೇ. ಬಸ್ ಸಿಗಲಿಲ್ಲವೇನೋ ಪಾಪ ಅಂದುಕೊಂಡಿದ್ದ.

"ನನಗ್ಯಾಕೆ ಹೇಳಲಿಲ್ಲ ನೀನು?"

"ಹೇಳಿಕೊಂಡು ನಡೆಯೋಕೆ ಅದೇನು ಮೆರವಣಿಗೆಯಾ ಅಣ್ಣ?" ಅಂದಳು ತಂಗಿ.

ಆದರೂ ಅವನು ಪೆನ್ನು ಮುಟ್ಟಲಿಲ್ಲ. "ಕಾಗದದ ಮೇಲೆ ಎಲ್ಲರೂ ಶೂರರೇ ಅಕ್ಕಾ. ಗೇಟಿನ ಮುಂದೆ ನಾನೊಬ್ಬನೇ."

"ಒಬ್ಬನೇ ಹೇಗೆ? ಬೆಲ್ ಹೊಡೆಯೋಳು ನಾನು ಹಿಂದೆ ಇರಲ್ವಾ?"

ಮರುದಿನ ಬೆಳಗ್ಗೆ ಹೊರಗಿನ ಕೆಲಸಗಾರರನ್ನು ತುಂಬಿಕೊಂಡು ಮೊದಲ ಬಸ್ಸು ಕಾರ್ಖಾನೆಯ ತಿರುವಿಗೆ ಬಂತು, ಹಿಂದೆ ಉಳಿದ ಮೂರು. ಗೇಟಿನ ಮುಂದೆ ರಸ್ತೆಯ ಅಗಲಕ್ಕೂ ಹೆಂಗಸರು ಕೂತಿದ್ದರು. ಮೊದಲ ಸಾಲಿನಲ್ಲಿ ಪಟ್ಟಿ ಕಟ್ಟಿದ ಒಂದು ಕೈ ಕಾಣುತ್ತಿತ್ತು. ಟಿಣ್ ಎಂದು ಒಂದು ಬೆಲ್. ಒಂದು ಬೆಲ್ ಅಂದರೆ ನಿಲ್ಲಬೇಕು, ಎರಡು ಅಂದರೆ ಹೊರಡಬೇಕು. ಬ್ರೇಕಣ್ಣ ನಿಲ್ಲಿಸಿದ.

ಗೇಟಿನ ಬಳಿ ಕಾಯುತ್ತಿದ್ದ ಡಿಪೋ ಮ್ಯಾನೇಜರು ಓಡಿ ಬಂದರು. "ಯಾಕಯ್ಯಾ ನಿಲ್ಲಿಸಿದೆ? ತೆಗಿ ಮುಂದಕ್ಕೆ! ತಾವಾಗೇ ಎದ್ದು ಓಡ್ತಾರೆ."

ಬ್ರೇಕಣ್ಣ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಚಿಲ್ಲರೆ ಅಕ್ಕ ಕೈ ಕಟ್ಟಿ ನಿಂತಿದ್ದಳು. ಬೆಲ್ಲಿನ ಹಗ್ಗ ಅವಳ ತಲೆಯ ಮೇಲೆ ಸುಮ್ಮನೆ ತೂಗುತ್ತಿತ್ತು.

"ಬೆಲ್ ಬಂದಿಲ್ಲ ಸಾರ್."

"ನಾನೇ ಹೇಳ್ತಿದ್ದೀನಲ್ಲ!"

"ಇಪ್ಪತ್ತೆರಡು ವರ್ಷದಲ್ಲಿ ಬೆಲ್ ಬಾರದೆ ಒಂದು ಗೇಣು ಮುಂದೆ ಹೋಗಿಲ್ಲ ಸಾರ್. ಕಲಿಸಿದ್ದು ನಮ್ಮ ಡಿಪೋನೇ."

ಮ್ಯಾನೇಜರು ಹಿಂದಿನ ಬಾಗಿಲಿಗೆ ಓಡಿದರು. "ಬೆಲ್ ಹೊಡಿಯಮ್ಮ!"

"ದಾರಿಯಲ್ಲಿ ಜನ ಕೂತಿದ್ದಾರೆ ಸಾರ್. ಅವರು ಎದ್ದ ಮೇಲೆ ಹೊಡೀತೀನಿ. ಅವರು ಏಳೋದು ಬೀಗ ತೆಗೆದ ಮೇಲೆ."

"ಇಬ್ಬರ ಹೆಸರೂ ಬರ್ಕೋತೀನಿ, ನೆನಪಿರಲಿ!"

ಬ್ರೇಕಣ್ಣ ಇಂಜಿನ್ ಆರಿಸಿ ಕೀ ಕಿತ್ತು ಜೇಬಿಗೆ ಹಾಕಿಕೊಂಡ. "ಅಕ್ಕಾ, ಆ ಕಾಗದ ಕೊಡಿ ಇಲ್ಲಿ." ಸ್ಟೇರಿಂಗ್ ಮೇಲೆ ಇಟ್ಟುಕೊಂಡು ಸಹಿ ಹಾಕಿದ. ಕಿಟಕಿಯಿಂದ ಅದನ್ನು ಚಾಚಿ ಹೇಳಿದ: "ಬರ್ಕೊಳ್ಳಿ ಸಾರ್. ಆದ್ರೆ ಪೂರ್ತಿ ಬರ್ಕೊಳ್ಳಿ. ಇನ್ನೂರ ಹನ್ನೆರಡು ಹೆಸರಿದೆ. ಕೊನೇದು ನಂದು."

ಹಿಂದೆ ಎರಡನೇ ಬಸ್ಸಿನ ಇಂಜಿನ್ ಆರಿತು. ಮೂರನೆಯದು, ನಾಲ್ಕನೆಯದು. ಇಡೀ ರಸ್ತೆ ಗಪ್ಪಾಯಿತು.

ಬಸ್ಸಿನೊಳಗೆ ಕೂತವರು ಮುಖ ಮುಖ ನೋಡಿಕೊಂಡರು. "ಹೊಸ ಕೆಲಸ ಅಂತ ಕರೆದ್ರು. ಮುಷ್ಕರ ಅಂತ ಯಾರೂ ಹೇಳಲಿಲ್ಲ" ಎಂದಳು ಒಬ್ಬಳು. ಅವರನ್ನು ಯಾರೂ ಬೈಯಲಿಲ್ಲ. ತಂಗಿ ಎದ್ದು ಒಂದೇ ಕೈಯಲ್ಲಿ ನೀರಿನ ಕೊಡ ಹಿಡಿದು ಬಂದಳು. ಆ ಹೆಂಗಸೇ ಇಳಿದು, "ಕೊಡಮ್ಮ, ಭಾರ" ಎಂದು ಕೊಡ ತೆಗೆದುಕೊಂಡು ಎಲ್ಲರಿಗೂ ಹಂಚಿದಳು. ಆಮೇಲೆ ಎಲ್ಲರೂ "ವಾಪಸ್ ಹೋಗೋಣ" ಅಂದರು. ಆಗ ಬಿತ್ತು ನೋಡಿ ಎರಡು ಬೆಲ್! ಬಸ್ಸು ಬಂದ ದಾರಿಗೇ ತಿರುಗಿತು.

ಬ್ರೇಕಣ್ಣನಿಗೂ ಚಿಲ್ಲರೆ ಅಕ್ಕನಿಗೂ ನೋಟಿಸ್ ಬಂತು. ಇನ್ನೂರ ಹನ್ನೆರಡು ಜನ ಉತ್ತರ ಕೊಟ್ಟರು. ನೋಟಿಸ್ ಹಿಂದಕ್ಕೆ ಹೋಯಿತು.

ಬಸ್ಸು ತಿರುಗಿ ಹೋದ ಐದನೆಯ ದಿನ ಮಾಲೀಕರು ಮಾತಿಗೆ ಬಂದರು. ಕೆಲಸದ ಹೊತ್ತಿನಲ್ಲಿ ಹಿಂಬಾಗಿಲು ತೆರೆದಿರಬೇಕು ಎಂದು ಕಾಗದದ ಮೇಲೆ ಬರೆದು ಸಹಿ ಮಾಡಿದರು. ಬೀಗ ಕಳಚಿತು. ವರ್ಷಗಟ್ಟಲೆ ತೆರೆಯದ ಬಾಗಿಲು ಕಿರ್ರೆಂದು ಅತ್ತಿತು. ತಂಗಿ ತನ್ನ ಮಷಿನಿನ ಎಣ್ಣೆ ಡಬ್ಬಿ ತಂದು ಬಾಗಿಲ ಕೀಲುಗಳಿಗೆ ನಾಲ್ಕು ತೊಟ್ಟು ಬಿಟ್ಟಳು. ಈಗ ಅದು ಬೆರಳು ತಾಗಿಸಿದರೂ ತೆರೆಯುತ್ತದೆ.

ಓದುತ್ತಿರುವ ನೀವು ಚಾಲಕರೋ, ದಾದಿಯೋ, ಗಾರೆಯವರೋ ನನಗೆ ತಿಳಿಯದು. ನಿಮ್ಮ ದಾರಿಯಲ್ಲಿ ಯಾವುದಾದರೂ ಗೇಟಿನ ಮುಂದೆ ಜನ ಕೂತಿದ್ದರೆ ಇವತ್ತೇ ಹೋಗಿ, ಯಾಕೆ ಕೂತಿದ್ದೀರಿ ಎಂದು ಕೇಳಿ. ಅದನ್ನು ನಿಮ್ಮ ಸಂಘದ ಸಭೆಯಲ್ಲಿ ಹೇಳಿ. ತೀರ್ಮಾನ ಬರೆದು ಎಲ್ಲರೂ ಸಹಿ ಹಾಕಿ. ಒಬ್ಬರನ್ನೇ ಮುಂದೆ ತಳ್ಳಬೇಡಿ. ಕಲ್ಲು ಎತ್ತಬೇಡಿ, ಕೈ ಎತ್ತಬೇಡಿ. ದಾಟಬೇಡಿ, ಅಷ್ಟೇ ಸಾಕು. ನಿಮ್ಮ ಕೈಗೆ ಎಟಕುವಲ್ಲೂ ಒಂದು ಬೆಲ್ಲಿನ ಹಗ್ಗ ಇದ್ದೇ ಇರುತ್ತದೆ. ಕೂತವರು ಗೆದ್ದು ಏಳುವ ತನಕ ಅದನ್ನು ಎರಡು ಸಲ ಎಳೆಯಬೇಡಿ.