ಹೊನ್ನೆ ಎಂದು ಬರೆದ ಫಲಕ

ಮರದ ಬೊಡ್ಡೆಗೆ ತಂತಿಯಲ್ಲಿ ಕಟ್ಟಿದ ತಗಡಿನ ಫಲಕ, ಹಸಿರು ಬಣ್ಣದ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ಹೊನ್ನೆ’. ಈಗಲೂ ಯಾವುದಾದರೂ ಉದ್ಯಾನದಲ್ಲಿ ಅಂಥ ಫಲಕ ಕಂಡರೆ ನಾನು ಓದದೆ ಮುಂದೆ ಹೋಗಿಬಿಡುತ್ತೇನೆ. ಸಸ್ಯಶಾಸ್ತ್ರ ಓದಿದವಳಿಗೆ ಮರಗಳ ಮೇಲೆ ಇಷ್ಟು ತಾತ್ಸಾರವೇ ಎಂದು ಜೊತೆಗಿದ್ದವರು ಕೇಳಿದ್ದುಂಟು. ತಾತ್ಸಾರವಲ್ಲ, ನಾಚಿಕೆ.

ಆಗ ನಾನು ಪದವಿಯ ಕೊನೆಯ ವರ್ಷದಲ್ಲಿದ್ದೆ. ಪ್ರತಿ ಬೇಸಿಗೆಯಲ್ಲಿ ಒಂದು ದಿನ, ಸೇರಬೇಕೆಂದಿರುವ ಮಕ್ಕಳು ಹೆತ್ತವರೊಡನೆ ಬಂದು ಕಾಲೇಜು ನೋಡಿಹೋಗುವ ಪದ್ಧತಿ ನಮ್ಮಲ್ಲಿತ್ತು. ಅವರನ್ನು ಸುತ್ತಾಡಿಸುವ ಕೆಲಸ ಹಿರಿಯ ವಿದ್ಯಾರ್ಥಿಗಳದು. ಅದಕ್ಕೆಂದು ನಮಗೊಂದು ಬ್ಯಾಡ್ಜು ಕೊಡುತ್ತಿದ್ದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಐಶ್ವರ್ಯ ಆ ಬ್ಯಾಡ್ಜು.

ಹಿಂದಿನ ದಿನ ಮರಗಳಿಗೆ ಸುಣ್ಣ, ಕೆಮ್ಮಣ್ಣು ಬಳಿಯಲು ಫಲಕಗಳನ್ನೆಲ್ಲ ಬಿಚ್ಚಿದ್ದರು. ಕಟ್ಟಡದ ಹಿಂದಿನ ಸಾಲಿನ ಮರಗಳಿಗೆ ಅವನ್ನು ಮತ್ತೆ ಕಟ್ಟುವುದು ನನ್ನ ಪಾಲಿಗೆ ಬಂದಿತ್ತು. ಗೆಳತಿಯರು ಗೇಟಿನಲ್ಲಿ ಕಾಯುತ್ತಿದ್ದುದರಿಂದ ಹೇಗೋ ಕಟ್ಟಿ ಓಡಿದ್ದೆ.

ನನ್ನ ಗುಂಪಿನಲ್ಲಿ ಚೌಡಪ್ಪ ಎಂಬವರಿದ್ದರು. ಸಂತೆಬೀದಿಯಲ್ಲಿ ಗೋಣಿತಾಟು ಹಾಸಿಕೊಂಡು ನಾರುಬೇರು, ತೊಗಟೆ ಮಾರುವವರು. ಮಗಳು ಸುಗುಣಳಿಗೆ ಸಸ್ಯಶಾಸ್ತ್ರವನ್ನೇ ಓದಬೇಕೆಂಬ ಹಟ. ಮಿಕ್ಕ ತಂದೆತಾಯಂದಿರು ಕಟ್ಟಡದ ಕಂಬಗಳನ್ನು ನೋಡಿ ತಲೆದೂಗುತ್ತಿದ್ದರೆ ಈ ಮನುಷ್ಯ ನಲ್ಲಿ ತಿರುಗಿಸಿ ನೀರು ಕುಡಿದು ನೋಡಿದರು, ಕೊನೆಯ ಬೆಂಚಿನಲ್ಲಿ ಕುಳಿತು ಹಲಗೆಯ ಮೇಲಿನ ಅಕ್ಷರ ಕಾಣುತ್ತದೆಯೇ ಎಂದು ಪರೀಕ್ಷಿಸಿದರು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನ ಅಗುಳಿ ಇದೆಯೇ ಎಂದು ಮಗಳನ್ನು ಕಳಿಸಿ ವಿಚಾರಿಸಿದರು. ಆ ದಿನ ಕಾಲೇಜನ್ನು ನಿಜವಾಗಿ ನೋಡಿದವರು ಅವರೊಬ್ಬರೇ. ನಾನು ಮಾತ್ರ ಹೆಣ್ಣು ನೋಡಲು ಬಂದವರ ಹಾಗೆ ಆಡುತ್ತಾರಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ಹಿಂದಿನ ಸಾಲಿನ ಮರಗಳ ಬಳಿಗೆ ಬಂದಾಗ ಇತಿಹಾಸದವರಾದ ನಮ್ಮ ಪ್ರಿನ್ಸಿಪಾಲರೂ ಗುಂಪನ್ನು ಸೇರಿಕೊಂಡರು. ನಾನು ಗಂಟಲು ಸರಿಮಾಡಿಕೊಂಡು ಹೊನ್ನೆಯ ಲ್ಯಾಟಿನ್ ಹೆಸರು ಹೇಳಿದೆ. ಚೌಡಪ್ಪ ತೊಗಟೆಯ ಮೇಲೆ ಅಂಗೈ ಇಟ್ಟರು.

"ಇದು ಮತ್ತಿ ಮರ ಅಲ್ವ್ರಾ ಮೇಡಂ? ಹೊನ್ನೆ ಆಗಿದ್ರೆ ಚಾಕು ತಾಗಿದ ಕಡೆ ರಕ್ತದ ಹಾಗೆ ರಸ ಬರುತ್ತೆ."

ಅವರು ಹೇಳಿದ ಕ್ಷಣವೇ ನನಗೆ ಗೊತ್ತಾಯಿತು. ಹೊನ್ನೆ ಪಕ್ಕದ ಮರ, ಅದಕ್ಕೆ ‘ಮತ್ತಿ’ ಎಂಬ ಫಲಕವಿತ್ತು. ಎರಡು ಫಲಕಗಳನ್ನು ನಾನು ಅದಲುಬದಲು ಕಟ್ಟಿದ್ದೆ. ಹೌದು, ತಪ್ಪಾಗಿದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪ್ರಿನ್ಸಿಪಾಲರು ನನ್ನನ್ನೇ ನೋಡುತ್ತಿದ್ದರು.

"ಇಲ್ಲಿ ಪುಸ್ತಕ ನೋಡಿ ಹೆಸರು ಬರೀತಾರೆ," ಎಂದೆ. "ಸಂತೇಲಿ ಕರೆಯೋ ಹೆಸರುಗಳೇ ಬೇರೆ."

ಜನ ನಕ್ಕರು. ಪ್ರಿನ್ಸಿಪಾಲರೂ ನಕ್ಕರು. ಸುಗುಣ ಮುಖ ಕೆಂಪಗೆ ಮಾಡಿಕೊಂಡು ಅಪ್ಪನಿಂದ ಎರಡು ಹೆಜ್ಜೆ ದೂರ ಸರಿದು ನಿಂತಳು. ಚೌಡಪ್ಪ ಕೈ ತೆಗೆದು, ಇರಬಹುದು ಎಂದಷ್ಟೇ ಹೇಳಿದರು. ಅಂದೇ ಸಂಜೆ ಯಾರೂ ಇಲ್ಲದಾಗ ಹೋಗಿ ಫಲಕಗಳನ್ನು ಸರಿಯಾಗಿ ಕಟ್ಟಿದೆ. ತಪ್ಪು ತಿದ್ದಿದೆನೆಂದು ನನಗೆ ನಾನೇ ಹೇಳಿಕೊಂಡೆ. ತಿದ್ದಿದ್ದು ಮರದ್ದು ಮಾತ್ರ.

ಹದಿನೈದು ದಿನಗಳ ಮೇಲೆ ಸೀಟು ಸಿಕ್ಕವರ ಪಟ್ಟಿ ನೋಡಲು ಸುಗುಣ ಬಂದಳು. ಅವಳ ಹೆಸರಿತ್ತು. ನನ್ನನ್ನು ಕಂಡವಳೇ ಅಕ್ಕಾ ಎಂದು ಓಡಿಬಂದು, ತಾನು ಮಾಡಿದ ದೊಡ್ಡ ಕೆಲಸವೊಂದನ್ನು ಸಂಭ್ರಮದಿಂದ ವರದಿ ಮಾಡಿದಳು.

"ಅಪ್ಪ ಇಷ್ಟು ವರ್ಷ ಹೊನ್ನೆ ತೊಗಟೇನ ಮತ್ತಿ ಅಂತ, ಮತ್ತೀನ ಹೊನ್ನೆ ಅಂತ ಮಾರ್ತಿದ್ರಲ್ಲ ಅಕ್ಕಾ, ನಾನೇ ಎಲ್ಲಾ ತಿಪ್ಪೆಗೆ ಸುರಿದೆ. ಜನಕ್ಕೆ ತಪ್ಪು ಔಷಧಿ ಕೊಡಬಾರದಲ್ವಾ? ಈಗ ಏನು ಮಾರೋಕೂ ನನ್ನನ್ನ ಕೇಳ್ತಾರೆ."

ನಾನು ತಲೆಯಾಡಿಸಿದೆ. ಅಂದಿನ ತಲೆಯಾಟ ಮೊದಲಿನ ಮಾತಿಗಿಂತಲೂ ಕೀಳಾದದ್ದು. ಮೊದಲಿನದು ಗಾಬರಿಯಲ್ಲಿ ಬಂದದ್ದು, ಇದಕ್ಕೆ ಯೋಚಿಸಲು ಸಮಯವಿತ್ತು.

ಮರುದಿನ ಊಟ ಸೇರದೆ ಸಂತೆಬೀದಿಗೆ ಹೋದೆ. ಚೌಡಪ್ಪನ ತಾಟಿನ ಮೇಲೆ ನಾಲ್ಕೈದು ಬೇರಿನ ಕಟ್ಟುಗಳಷ್ಟೇ ಇದ್ದವು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಬೇರುಗಳ ಮಣ್ಣು ಒರೆಸುತ್ತ ಕೇಳಿದರು. ಕೋಪ ಮಾಡಿಕೊಳ್ಳಲಿ ಎಂದು ನಾನು ಕಾಯುತ್ತಿದ್ದೆ.

"ನಂಗೊತ್ತಿತ್ತಮ್ಮ," ಎಂದರು. "ನಂಗೆ ಹೇಳಿ ಏನು ಬಂತು? ಅವಳಿಗೆ ಹೇಳಿ."

ಅವಳು ಬುತ್ತಿ ತರುವ ಹೊತ್ತಾಗಿದೆ, ಕುಳಿತುಕೊಳ್ಳಿ ಎಂದು ತಾಟಿನ ಅಂಚಿನಲ್ಲಿ ಜಾಗ ಮಾಡಿಕೊಟ್ಟರು. ಸುಗುಣ ಬಂದು ನನ್ನನ್ನು ಕಂಡು ಬೆರಗಾದಳು. ಹೇಳಿದೆ. ಫಲಕಗಳನ್ನು ಕಟ್ಟಿದವಳು ನಾನೇ, ತಪ್ಪು ಅಲ್ಲೇ ಗೊತ್ತಾಗಿತ್ತು, ನಿಮ್ಮಪ್ಪ ಹೇಳಿದ್ದೇ ಸರಿ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಬುತ್ತಿ ಹಿಡಿದುಕೊಂಡೇ ಅಪ್ಪನ ಕಡೆಗೆ ತಿರುಗಿದಳು.

"ಮತ್ತೆ ನಾನು ತೊಗಟೆ ಸುರಿಯುವಾಗ ಯಾಕಪ್ಪಾ ಸುಮ್ಮನಿದ್ದೆ?"

"ನಿನ್ನ ಸೀಟು ಇವರ ಕೈಯಲ್ಲಿದೆ ಅಂದ್ಕೊಂಡೆ ಕಣವ್ವ," ಎಂದರು ಚೌಡಪ್ಪ. "ಇವರು ಹೊನ್ನೆ ಅಂದ್ರೆ ಹೊನ್ನೆ. ನೀನು ಹೋಗಿ ಅಲ್ಲ ಅಂತ ವಾದ ಮಾಡಿದ್ರೆ?"

ನನ್ನ ಕೈಯಲ್ಲಿ ಸೀಟಲ್ಲ, ಒಂದು ಕುರ್ಚಿಯೂ ಇರಲಿಲ್ಲ. ಇದೆಯೆಂದು ಅವರು ನಂಬುವಂತೆ ನಾನು ನಡೆದುಕೊಂಡಿದ್ದೆ, ಅಷ್ಟೆ.

ಸುಗುಣ ತಾಟಿನ ಮೇಲೆ ಕುಳಿತು ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು ಅಪ್ಪನ ಕೈಗಿಟ್ಟಳು. ಚೌಡಪ್ಪ ಒಂದು ತುಂಡು ನನ್ನತ್ತಲೂ ಚಾಚಿದರು. ನಾನು ತೆಗೆದುಕೊಂಡೆ. ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಕುಳಿತಿದ್ದೆ.