ಪ್ರೊಫೆಸರರ ಬಲಮೀಸೆ

ಕೆನ್ಯಾದ ಎಲ್ಡೊರೆಟ್ಟಿನ ಆ ಪ್ರಯೋಗಾಲಯದಲ್ಲಿ ಇದ್ದದ್ದು ಒಂದೇ ಒಳ್ಳೆಯ ಮೇಜು. ಅದರ ಮುಕ್ಕಾಲು ಪಾಲು ಪ್ರೊಫೆಸರ್ ಕಿಪ್ತಾನುಯಿ ಅವರದು. ಮೇಕೆಯ ತೊಡೆಯಿಂದ ತೆಗೆದ ಸ್ನಾಯುವಿನ ಎಳೆಗಳನ್ನು ಪುಟ್ಟ ಕೊಕ್ಕೆಗಳಿಗೆ ಸಿಕ್ಕಿಸಿ, ಅವು ಎಷ್ಟು ಬಲವಾಗಿ ಎಳೆಯುತ್ತವೆ ಎಂದು ಅವರು ಅಳೆಯುತ್ತಿದ್ದರು. ಅಳೆದು ಮುಗಿಯುವ ಮೊದಲೇ ಎಳೆಗಳು ಕೊಳೆತು ನಾರುತ್ತಿದ್ದವು. ಆಗ ಅವರು ಇಡೀ ಬ್ಯಾಕ್ಟೀರಿಯಾ ಕುಲಕ್ಕೇ ಹಿಡಿಶಾಪ ಹಾಕುತ್ತಿದ್ದರು.

ಉಳಿದ ಮೂಲೆಯಲ್ಲಿ ಜೆಪ್ಕೊರಿರ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಅದೇ ಕುಲವನ್ನು ಸಾಕುತ್ತಿದ್ದಳು. ಅವಳ ಸೋದರತ್ತೆಯ ಸೋರೆಬುರುಡೆಯಲ್ಲಿ ಹುಳಿಯಾದ ಹಾಲು, ಅಂದರೆ ಮುರ್ಸಿಕ್, ಇರುತ್ತಿತ್ತು. ಅದರೊಳಗಿನ ಒಂದು ಬ್ಯಾಕ್ಟೀರಿಯಾ ಕೊಳೆಸುವ ಬ್ಯಾಕ್ಟೀರಿಯಾಗಳನ್ನು ಹತ್ತಿರ ಬರಗೊಡುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು. ಗಾಜಿನ ತಟ್ಟೆಯಲ್ಲಿ ಅವುಗಳ ನಡುವೆ ಬೆಳೆಸಿದರೆ ಅದರ ಸುತ್ತ ಗುಡಿಸಿಟ್ಟ ಹಾಗೆ ಖಾಲಿ ಬಳೆಯೊಂದು ಮೂಡುತ್ತಿತ್ತು. ಅಷ್ಟರಲ್ಲಿ ಫ್ರಿಜ್ಜು ಕೈಕೊಟ್ಟು ಸಾಕಿದ್ದೆಲ್ಲ ಸತ್ತುಹೋಯಿತು.

"ಒಂದ್ಸಲ ಬಂದದ್ದು ಅದೃಷ್ಟ ಕಣಮ್ಮ" ಎಂದರು ಪ್ರೊಫೆಸರರು. "ಅದೇ ಬುರುಡೆಯಿಂದ ಹೊಸದಾಗಿ ತೆಗ್ದು ನನ್ ಕಣ್ಣೆದುರಿಗೇ ತೋರ್ಸು. ಇಲ್ಲಾಂದ್ರೆ ಆ ಮೂಲೆ ಖಾಲಿ ಮಾಡು, ನನ್ ಯಂತ್ರಕ್ಕೆ ಜಾಗ ಸಾಲ್ತಿಲ್ಲ."

ಮೂಲೆ ಹೋದರೆ ಸಂಶೋಧನೆಯೂ ಹೋದಂತೆಯೇ. ಜೆಪ್ಕೊರಿರ್ ಅತ್ತೆಗೆ ಫೋನು ಮಾಡಿ ಬುರುಡೆ ತರುವಂತೆ ಗೋಗರೆದಳು. ಅತ್ತೆ ತಾಪ್ಕಿಗೆನ್ ಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಮಟಾಟು ವ್ಯಾನು ಹತ್ತಿ ಬಂದೇಬಿಟ್ಟಳು. ಅದೇ ಹೊತ್ತಿಗೆ ಜೆಪ್ಕೊರಿರ್ ತಟ್ಟೆಗಳನ್ನು ತರಲು ಪಕ್ಕದ ಕಟ್ಟಡಕ್ಕೆ ಹೋಗಿದ್ದಳು.

ಒಳಗೆ ಪ್ರೊಫೆಸರರು ಒಬ್ಬರೇ ಕುಳಿತಿದ್ದರು. ಮುರ್ಸಿಕ್ ಹಿಡಿದು ಬಂದವಳು ಎದುರಿಗಿದ್ದವರಿಗೆ ಕೊಡದೆ ಮುಚ್ಚಿಡುವುದುಂಟೆ? ಕೊಟ್ಟದ್ದನ್ನು ಕಲೆಂಜಿನ್ ಜನಾಂಗದ ಗಂಡಸು ಬೇಡ ಅನ್ನುವುದುಂಟೆ? ಅವರು ಬಾಯಿ ಮುಕ್ಕಾದ ಲೋಟವನ್ನು ಬಲಪಕ್ಕಕ್ಕೆ ವಾಲಿಸಿ ಕುಡಿದರು. ಆಮೇಲೆ ಮತ್ತೆ ಕೇಳಿ ಕುಡಿದರು. ಬುರುಡೆ ಬರಿದಾಯಿತು. ಎಂಜಲು ಪಾತ್ರೆಯನ್ನು ಓದಿದವರ ಕೈಗೆ ಕೊಟ್ಟರೆ ಮನೆತನದ ಮಾನ ಹೋಗುತ್ತದೆಂದು ಅತ್ತೆ ಕೆಟಲಿನ ಕುದಿನೀರು ಸುರಿದು, ಸೋಪು ಹಾಕಿ, ಅದನ್ನು ಗಸಗಸ ತಿಕ್ಕಿಟ್ಟಳು.

ಜೆಪ್ಕೊರಿರ್ ಓಡಿಬಂದು ಬುರುಡೆಯೊಳಗೆ ಮೂಗಿಟ್ಟಳು. ನಿಂಬೆಹಣ್ಣಿನ ಸೋಪಿನ ವಾಸನೆ ಬಂತು.

"ಹಾಲೆಲ್ಲಿ ಅತ್ತೆ?"

"ಈ ಯಪ್ಪನಿಗೆ ಕೊಟ್ಟೆ. ಪಾಪ, ಊಟ ಮಾಡಿದ ಹಾಗೇ ಕಾಣ್ಲಿಲ್ಲ."

ಪ್ರೊಫೆಸರರು ಲೋಟ ಕೆಳಗಿಟ್ಟರು. "ಅದು ನಿನ್ ಹಾಲೇನಮ್ಮ? ಯಾರೋ ನೆಂಟರು ಅನ್ಕೊಂಡೆ."

ಜೆಪ್ಕೊರಿರಳ ಕಣ್ಣು ತುಂಬಿಬಂತು. ಅತ್ತೆಗೂ ಕೆಡುಕೆನಿಸಿ, ಏನು ಮಾಡಲೂ ತೋಚದೆ, ಹೊದ್ದಿದ್ದ ವಸ್ತ್ರದ ತುದಿ ಹಿಡಿದು ಪ್ರೊಫೆಸರರತ್ತ ನಡೆದಳು. "ಬಲಮೀಸೆಗೆಲ್ಲ ಮೆತ್ತಿಕೊಂಡಿದೀಯಲ್ಲಪ್ಪ, ಬಾ ಒರೆಸ್ತೀನಿ."

"ಒರೆಸ್ಬೇಡಿ ಅತ್ತೆ, ಕೈ ತೆಗೀರಿ" ಎಂದು ಜೆಪ್ಕೊರಿರ್ ಮಧ್ಯೆ ನುಗ್ಗಿದಳು. "ಸಾರ್, ಅಲ್ಲಾಡ್ಬೇಡಿ. ಮಾತೂ ಆಡ್ಬೇಡಿ."

ಅವಳು ಹತ್ತಿಕಡ್ಡಿಯಿಂದ ಅವರ ಬಲಮೀಸೆಯನ್ನು ಮೆಲ್ಲಗೆ ಸವರಿ, ಕೊಳೆಸುವ ಬ್ಯಾಕ್ಟೀರಿಯಾ ಬಳಿದಿಟ್ಟಿದ್ದ ತಟ್ಟೆಯ ಮೇಲೆ ಒತ್ತಿದಳು. ಪ್ರೊಫೆಸರರಿಗೆ ಅವಮಾನವಾಗಿತ್ತು ನಿಜ. ಆದರೂ ಒಳಗಿನ ವಿಜ್ಞಾನಿ ಸುಮ್ಮನಿರಲಿಲ್ಲ.

"ಬರೀ ಬಲಮೀಸೆ ಸಾಕೇನು? ಹೋಲ್ಸಿ ನೋಡೋದಕ್ಕೆ ಎಡಮೀಸೆನೂ ಬೇಕು. ಅದಕ್ಕೆ ಹಾಲು ತಾಗಿಲ್ಲ."

"ಅದೂ ಕೊಡ್ತೀರಾ ಸಾರ್?"

"ತಗೋ. ಹೆಂಗಿದ್ರೂ ಮಾನ ಹೋಗಿದೆ."

ಮಾರನೆಯ ದಿನ ಜೆಪ್ಕೊರಿರ್ ತಟ್ಟೆ ತೆರೆದಳು. ಬಲಮೀಸೆಯ ಚುಕ್ಕೆಯ ಸುತ್ತ ಖಾಲಿ ಬಳೆ ಹೊಳೆಯುತ್ತಿತ್ತು. ಎಡಮೀಸೆಯ ಜಾಗದಲ್ಲಿ ಬಳೆಯ ಸುಳಿವಿರಲಿಲ್ಲ. ಬದಲಿಗೆ ಹಳದಿ, ಕಂದು, ಹೆಸರೇ ಗೊತ್ತಿಲ್ಲದ ಇನ್ನೊಂದು ಬಣ್ಣ ಸೇರಿ ಭರ್ಜರಿ ಸಂತೆ ನೆರೆದಿತ್ತು.

ಅತ್ತೆ ಬಗ್ಗಿ ನೋಡಿದಳು. "ಇವನ ಹೆಂಡ್ತಿ ಏನೂ ಅನ್ನಲ್ವೇನೇ?"

ಪ್ರೊಫೆಸರರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎದ್ದು ತಮ್ಮ ಕೊಕ್ಕೆಗಳನ್ನು, ಯಂತ್ರವನ್ನು ತಾವೇ ಸರಿಸಿ ಮೇಜಿನ ಅರ್ಧ ಭಾಗ ಬಿಡಿಸಿಕೊಟ್ಟರು. ಜೆಪ್ಕೊರಿರಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಈಗ ಆ ಬ್ಯಾಕ್ಟೀರಿಯಾದ ಕಾವಲಿನಲ್ಲಿ ಮೇಕೆಯ ಎಳೆಗಳು ವಾರಗಟ್ಟಲೆ ಕೊಳೆಯದೆ ಎಳೆಯುತ್ತಿವೆ. ಫ್ರಿಜ್ಜು ಮಾತ್ರ ಇನ್ನೂ ನಂಬಿಕೆಗೆ ಅರ್ಹವಲ್ಲ. ಹಾಗಾಗಿ ಪ್ರೊಫೆಸರರು ಕ್ಷೌರದಂಗಡಿಗೆ ಹೊರಡುವ ಮುನ್ನ ಜೆಪ್ಕೊರಿರಳ ಮೇಜಿನ ಬಳಿ ಬಂದು ನಿಲ್ಲುತ್ತಾರೆ.

"ಬಲಗಡೆದು ತೆಗೆಸ್ಲೇನಮ್ಮ?"

"ಇನ್ನೊಂದ್ವಾರ ಇರ್ಲಿ ಸಾರ್" ಎನ್ನುತ್ತಾಳೆ ಅವಳು, ತಲೆಯೆತ್ತದೆ.