ಕೇಕ್ ಬೇಯುವವರೆಗೆ

ಅಳುತ್ತ ಬಂದ ದರ್ಜಿಯ ಹೆಂಡತಿ ಶವಪೆಟ್ಟಿಗೆಯ ಮೇಲೆ ಹೂವಿಟ್ಟು, ಶಾಲಿನೊಳಗಿಂದ ತಗಡಿನ ಡಬ್ಬಿಯೊಂದನ್ನು ತೆಗೆದು ಅದರ ಪಕ್ಕದಲ್ಲೇ ಇಡಲು ಹೋದಳು. ಸತ್ತವನ ಮಗಳು ಗಬಕ್ಕನೆ ಅವಳ ಕೈ ಹಿಡಿದಳು.

"ಏನಕ್ಕಾ ಇದು?"

"ಕೇಕ್ ಹಿಟ್ಟು ಕಣೇ. ಕಲಸಿಬಿಟ್ಟಿದ್ದೆ. ದ್ರಾಕ್ಷಿ ತಿಂಗಳುಗಟ್ಟಲೆ ರಮ್ಮಲ್ಲಿ ನೆನೆದಿದೆ. ನಾಳೆ ಕ್ರಿಸ್‌ಮಸ್ ಅಲ್ವಾ..."

"ಅಪ್ಪ ಸತ್ತಿದ್ದಾನೆ. ಬೇಯಿಸೋಕೆ ಎದ್ದು ಬರಬೇಕಾ?"

"ಬಿಡ್ತು ಅನ್ನು! ಹಿಂದುಗಡೆ ನಿಮ್ಮಮ್ಮ ಹಿಟ್ಟು ತಗೋತಿದ್ದಾಳಂತಲ್ಲ?"

ಮಗಳು ಮನೆಯ ಹಿಂಬದಿಯ ಬೇಕರಿಗೆ ಓಡಿದಳು. ಆ ಬೀದಿಯ ಯಾವ ಮನೆಯಲ್ಲೂ ಕೇಕ್ ಬೇಯಿಸುವ ಅನುಕೂಲವಿರಲಿಲ್ಲ. ಹಬ್ಬದ ಹಿಂದಿನ ದಿನ ಎಲ್ಲರ ಹಿಟ್ಟೂ ಕೆಂಡಣ್ಣನ ಬೇಕರಿಗೇ ಬರಬೇಕು. ಕೆಂಡಣ್ಣ ಈಗ ಪೆಟ್ಟಿಗೆಯಲ್ಲಿ ಮಲಗಿದ್ದ. ಅವನ ಹೆಂಡತಿ ಕರಿ ಬಟ್ಟೆಯ ತೋಳು ಮಡಚಿಕೊಂಡು ಭಟ್ಟಿಯ ಮುಂದೆ ನಿಂತಿದ್ದಳು.

"ಅಮ್ಮಾ, ತಲೆ ಕೆಟ್ಟಿದೆಯಾ ನಿನಗೆ? ಪಾದ್ರಿ ಬರೋ ಹೊತ್ತು!"

"ಬರಲಿ. ಈಗಷ್ಟೇ ಉಬ್ಬುತ್ತಿವೆ. ಆ ಡಬ್ಬೀನೂ ಇಲ್ಲಿ ತಾ."

*

ಹಿಂದೆ ಮಗಳ ಮದುವೆ ನಡೆದದ್ದೂ ಇಂಥದೇ ಹಬ್ಬದ ಮುನ್ನಾದಿನ. ಅಪ್ಪ ಬರಲಿಲ್ಲವೆಂದು ಬಾಜಾದವರು ಒಂದೇ ಹಾಡನ್ನು ತಿರುಗಿಸಿ ತಿರುಗಿಸಿ ನುಡಿಸಿದರು. ಕೊನೆಗೆ ಅವಳು ಸೋದರಮಾವನ ತೋಳು ಹಿಡಿದು ಚರ್ಚಿನೊಳಗೆ ನಡೆದಳು. ಫೋಟೊ ತೆಗೆದು ಮುಗಿದ ಮೇಲೆ ಕೆಂಡಣ್ಣ ಏದುಸಿರು ಬಿಡುತ್ತ ಬಂದ.

"ಪೋಸ್ಟ್‌ಮ್ಯಾನ್ ಮನೆ ಕೇಕು ನಡುವೆ ಹಸಿ ಇತ್ತಮ್ಮ. ಬಿಟ್ಟು ಹೇಗೆ ಬರಲಿ?"

ಅಂದಿನಿಂದ ಅವಳು ತನ್ನ ಮನೆಗೆ ಕೇಕ್ ತರಲಿಲ್ಲ.

*

ಪಾದ್ರಿ ಬಂದರು. "ಹೊರಡೋಣವಾ?"

"ಇನ್ನೊಂಚೂರು, ಫಾದರ್," ಹಿಂದಿನಿಂದ ತಾಯಿಯ ಕೂಗು.

"ಇದೇನಮ್ಮಾ! ಗುಂಡಿ ತೋಡಿದವರು ಕಾಯ್ತಿದ್ದಾರೆ!"

"ಹೆಣ ಕಾಯುತ್ತೆ, ಕೇಕ್ ಕಾಯಲ್ಲ. ನಿಮ್ಮದೂ ಒಂದು ಒಳಗಿದೆ."

ಪಾದ್ರಿ ಕುರ್ಚಿ ಎಳೆದುಕೊಂಡು ಕೂತರು.

ಮಗಳಿಗೆ ಮೈಯೆಲ್ಲ ಉರಿಯಿತು. "ಇವತ್ತೊಂದು ದಿನವಾದರೂ ಅಪ್ಪ ನಮ್ಮವನಾಗಿರಬಾರದಾ?"

ತಾಯಿ ತಿರುಗಲಿಲ್ಲ. ಡಬ್ಬಿಯೊಂದಕ್ಕೆ ಕಡ್ಡಿ ಚುಚ್ಚಿ ನೋಡಿದಳು. "ನನಗೂ ಅವನು ಸಿಕ್ಕಿದ್ದು ಇಲ್ಲಿ ನಿಂತಾಗಲೇ ಕಣೇ."

ಕೇಕುಗಳು ಹೊರಬಂದಾಗ ಮನೆಗೆ ಹೋಗಿ ಇಟ್ಟುಬರಲು ಯಾರಿಗೂ ಪುರುಸೊತ್ತಿರಲಿಲ್ಲ. ಬಿಸಿ ಡಬ್ಬಿಗಳನ್ನು ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಎಲ್ಲರೂ ಪೆಟ್ಟಿಗೆ ಹೊತ್ತ ಗಾಡಿಯ ಹಿಂದೆ ನಡೆದರು. ಬೀದಿಯುದ್ದಕ್ಕೂ ರಮ್ಮಿನ ಘಮ. ನಾಯಿಗಳೂ ಸೇರಿಕೊಂಡವು. ಮಗಳು ಹಲ್ಲು ಕಚ್ಚಿಕೊಂಡಿದ್ದಳು.

ಗುಂಡಿ ತೋಡಿದವರು ಪೆಟ್ಟಿಗೆಯನ್ನು ಒಳಗಿಳಿಸಿದರು. ಪ್ರಾರ್ಥನೆ ಮುಗಿಸಿದ ಪಾದ್ರಿ, "ಮಣ್ಣು ಹಾಕಿ," ಎಂದರು. ಯಾರೂ ಕದಲಲಿಲ್ಲ. ತಾಯಿಯ ಕೈಯಲ್ಲೂ ಪಾದ್ರಿಯ ಡಬ್ಬಿಯಿತ್ತು. ಹಬ್ಬದ ಕೇಕನ್ನು ಸಮಾಧಿಯ ಮಣ್ಣಿನ ಮೇಲೆ ಇಡುವುದಾದರೂ ಹೇಗೆ?

"ಥೂ, ಏನು ಜನರಪ್ಪಾ ನೀವು!" ಹಿಂದೆ ನಡೆದು ಬಂದವರಲ್ಲಿ ಬರಿಗೈಯಲ್ಲಿದ್ದವಳು ಮಗಳೊಬ್ಬಳೇ. ಬಗ್ಗಿ ಒಂದು ಹಿಡಿ ಹಾಕಿದಳು.

"ನಂದೂ ಒಂದು ಹಿಡಿ ಹಾಕೇ, ಪುಣ್ಯ ಬರುತ್ತೆ," ಎಂದಳು ದರ್ಜಿಯ ಹೆಂಡತಿ.

"ನಮ್ಮನೇದೂ," ಎಂದ ಮುದಿ ಪೋಸ್ಟ್‌ಮ್ಯಾನ್.

ನೋಡನೋಡುತ್ತಲೇ ಗುಂಡಿಯ ಅಂಚಿನಲ್ಲಿ ಸಾಲು ಬೆಳೆಯಿತು. ಮಗಳು ಬೈಯುತ್ತ ಬಗ್ಗಿದಳು, ಹಾಕಿದಳು, ಮತ್ತೆ ಬಗ್ಗಿದಳು. ಮೂಗು ಒರೆಸಿಕೊಂಡಲ್ಲಿ ಮಣ್ಣು ಮೆತ್ತಿತು.

"ಮುಂದೆ ಯಾರದು?" ಎಂದು ಗದರಿದಳು. "ನೂಕಬೇಡಿ. ಎಲ್ಲರದೂ ಹಾಕ್ತೀನಿ."